ಏಳನೇ ದಿನದ ಎಣಿಕೆ

ಹೆಂಡತಿಯ ಅಕ್ಕನ ಗಂಡನಿಗೆ ಷಡ್ಡಕ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನಿಗೂ ಒಬ್ಬ ಷಡ್ಡಕನಿದ್ದಿರಬೇಕು. ಹಲ್ಲು ಕಡಿಯದೆ ಆ ಪದವನ್ನು ಉಚ್ಚರಿಸುವುದು ಸಾಧ್ಯವೇ ಇಲ್ಲ. ಬೇಕಿದ್ದರೆ ಒಮ್ಮೆ ಗಟ್ಟಿಯಾಗಿ ಅಂದು ನೋಡಿ. ನಮ್ಮ ಶೇಕಡಪ್ಪ ಮದುವೆಯಾದ ಹನ್ನೊಂದು ವರ್ಷದಲ್ಲಿ ಹಾಗೆ ಕಡಿದೂ ಕಡಿದೂ ಎರಡು ದವಡೆ ಹಲ್ಲು ಸವೆಸಿಕೊಂಡಿದ್ದ.

ಶೇಕಡಪ್ಪ ಎನ್ನುವುದು ಅವನ ಮನೆಯಲ್ಲೇ ಇರುವ ಅತ್ತೆ ಇಟ್ಟ ಹೆಸರು. ಅವನಿಗೆ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ. ಮಾರಾಟಕ್ಕೆ ಹೋಗುವ ಬಿತ್ತನೆ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಮುಂಚೆಯೇ ನೋಡಿ ಹೇಳುವುದು. ನೂರು ಕಾಳನ್ನು ಒದ್ದೆ ಕಾಗದದ ಮೇಲೆ ಸಾಲಾಗಿ ಜೋಡಿಸಬೇಕು, ಬೆಚ್ಚಗಿನ ಕಪಾಟಿನಲ್ಲಿಟ್ಟು ಕಾಯಬೇಕು, ಏಳನೇ ದಿನ ಚಿಮುಟದಲ್ಲಿ ಒಂದೊಂದನ್ನೇ ಎತ್ತಿ ಎಣಿಸಬೇಕು. ಸಹಜ ಮೊಳಕೆ ಎಷ್ಟು, ಅಸಹಜ ಮೊಳಕೆ ಎಷ್ಟು, ವಾರವಿಡೀ ನೀರಿನಲ್ಲಿದ್ದರೂ ಮೆತ್ತಗಾಗದ ಗಟ್ಟಿ ಬೀಜ ಎಷ್ಟು, ಸತ್ತದ್ದು ಎಷ್ಟು ಎಂದು ದಾಖಲೆ ಪುಸ್ತಕದಲ್ಲಿ ಬರೆದು, ಶೇಕಡಾ ಹಾಕಿ, ಸಹಿ ಮಾಡಬೇಕು. ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರಾದ್ದರಿಂದ ಎಣಿಸಿದ ಮೊಳಕೆಯನ್ನು ಕೂಡಲೇ ಕಸದ ಡಬ್ಬಕ್ಕೆ ಸುರಿಯಬೇಕೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಹದಿನಾರು ವರ್ಷ ಇದನ್ನೇ ಮಾಡಿದವನು ಮನೆಗೆ ಬಂದು ಬೇರೆ ಭಾಷೆ ಮಾತಾಡುವುದಾದರೂ ಹೇಗೆ? “ಇವತ್ತು ಮಳೆ ಬರೋ ಸಂಭವ ಶೇಕಡಾ ಅರವತ್ತು” ಎನ್ನುತ್ತಿದ್ದ. ಮಗಳ ಜ್ವರ ಶೇಕಡಾ ಎಂಬತ್ತು ಇಳಿದಿದೆ ಎನ್ನುತ್ತಿದ್ದ. ನೆಂಟರಿಷ್ಟರನ್ನೂ ಇದೇ ಲೆಕ್ಕದಲ್ಲಿ ವಿಂಗಡಿಸಿಟ್ಟಿದ್ದ. ಅತ್ತೆ ಗಟ್ಟಿ ಬೀಜ. ಷಡ್ಡಕ ಅಸಹಜ ಮೊಳಕೆ, ಚಿಗುರು ಇಷ್ಟುದ್ದ, ಬೇರು ನಾಸ್ತಿ. (ಹೆಂಡತಿಯನ್ನು ಯಾವ ಗುಂಪಿಗೆ ಸೇರಿಸಿದ್ದ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಷ್ಟು ಬುದ್ಧಿ ಅವನಿಗೂ ಇತ್ತು.)

ಇಂಥ ಶೇಕಡಪ್ಪನ ರಕ್ತದ ವರದಿ ನೋಡಿ ಡಾಕ್ಟರು ಒಂದು ದಿನ ತುಟಿ ಮುಂದೆ ಮಾಡಿದರು.

“ತಟ್ಟೆಯಲ್ಲಿ ಅರ್ಧ ಹಸಿ ತರಕಾರಿ, ಮೊಳಕೆ ಕಾಳು, ಹಣ್ಣು ಇರಲಿ. ಮೂರು ತಿಂಗಳು ನೋಡ್ತೀನಿ. ಸರಿಹೋಗದಿದ್ರೆ ಮಾತ್ರೆ. ಶುರು ಮಾಡಿದ್ರೆ ಜೀವನಪೂರ್ತಿ.”

“ಅರ್ಧ ಅಂದ್ರೆ ಶೇಕಡಾ ಐವತ್ತು ತಾನೇ ಡಾಕ್ಟ್ರೇ?” ಎಂದು ಶೇಕಡಪ್ಪ ಖಚಿತಪಡಿಸಿಕೊಂಡ. ಡಾಕ್ಟರು ಮುಂದಿನವರನ್ನು ಕರೆದರು.

ಈ ಸುದ್ದಿ ಹೆಂಡತಿಯಿಂದ ಅವಳ ಅಕ್ಕನಿಗೆ, ಅಕ್ಕನಿಂದ ಷಡ್ಡಕನಿಗೆ ತಲುಪಲು ಎಷ್ಟು ಹೊತ್ತು ಬೇಕು? ಸಂಜೆಗೆ ಷಡ್ಡಕ ಹಾಜರ್. ಅವನದು ಸ್ನಾನದಮನೆಗೆ ಹಾಕುವ ಟೈಲ್ಸಿನ ದೊಡ್ಡ ಅಂಗಡಿ. ಎರಡು ತಿಂಗಳಿಂದ ಅವನು ಹಸಿ ಆಹಾರ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕೈಯಲ್ಲಿ ಹಸಿರು ರಸದ ಬಾಟಲಿ. ಕಂಕುಳಲ್ಲಿ ವಿಮಾನದಲ್ಲಿ ಬಂದಿಳಿದ ಹಣ್ಣಿನ ಪೆಟ್ಟಿಗೆ, ಒಂದೊಂದು ಹಣ್ಣಿಗೂ ಒಂದೊಂದು ಬಲೆಯ ಸ್ವೆಟರು.

“ನೋಡಪ್ಪ, ಆರೋಗ್ಯ ಬೇಕು ಅಂದ್ರೆ ಕೈ ಬಿಚ್ಚಬೇಕು. ಎಲ್ಲರ ಕೈಲೂ ಆಗೋ ಮಾತಲ್ಲ, ಬಿಡು” ಎಂದ.

ಆ ‘ಬಿಡು’ ಇದೆಯಲ್ಲ, ಅದು ಶೇಕಡಪ್ಪನ ಎದೆಗೆ ನಾಟಿತು. ಅದರ ಮೇಲೆ ಅತ್ತೆ, “ದೊಡ್ಡಳಿಯಂದು ಯಾವಾಗಲೂ ದೊಡ್ಡ ಕೈ” ಎಂದು ಉಪ್ಪು ಸವರಿದರು. ಆ ವಾರ ಅವನು ಮಾರುಕಟ್ಟೆಗೆ ಹೋಗಿ ಅಂಥ ಒಂದು ಹಣ್ಣಿನ ಬೆಲೆ ಕೇಳಿದ. ಕೇಳಿ, ಹಣ್ಣನ್ನು ಎರಡೂ ಕೈಯಿಂದ ಜೋಪಾನವಾಗಿ ಅದರ ಜಾಗದಲ್ಲೇ ಮಲಗಿಸಿ ಬಂದ.

ಬುದ್ಧಿ ಹೊಳೆದದ್ದು ಸೋಮವಾರ, ಪ್ರಯೋಗಾಲಯದಲ್ಲಿ. ಮುಂದೆ ಹೆಸರುಕಾಳಿನ ತಟ್ಟೆ. ಹಾಕಿದ ನೂರೇ ಕಾಳು ಉಬ್ಬಿ, ಮೊಳೆತು, ತಟ್ಟೆ ಮೀರಿ ನಿಂತಿವೆ. ಹಿಡಿ ಹಾಕಿದರೆ ತಟ್ಟೆ ತುಂಬ! ಹಸಿ! ಹಸಿರು! ಅದೂ ಕಿರಾಣಿ ಅಂಗಡಿಯ ಬೆಲೆಗೆ! ಹದಿನಾರು ವರ್ಷದಿಂದ ಕಣ್ಣೆದುರೇ ಇದ್ದರೂ ಕಂಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? “ಸಿಕ್ತು!” ಎಂದು ಅವನು ಕೂಗಿದ್ದಕ್ಕೆ ಪಕ್ಕದ ಮೇಜಿನವಳ ಚಿಮುಟದಿಂದ ಕಾಳು ಹಾರಿ ಎಲ್ಲೋ ಹೋಯಿತು, ಅವಳು ಮತ್ತೆ ಒಂದರಿಂದ ಎಣಿಸಬೇಕಾಯಿತು.

ಅವನಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಒಂದು ಮಾತು ಕೇಳದೆ ಅಲ್ಲಿಂದಲೇ ಷಡ್ಡಕನಿಗೆ ಫೋನು ಮಾಡಿ, ಬರುವ ಭಾನುವಾರ ಸಂಸಾರ ಸಮೇತ ಹಸಿ ಊಟಕ್ಕೆ ಬರಬೇಕೆಂದು ಕರೆದುಬಿಟ್ಟ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಘೋಷಿಸಿದ:

“ಇನ್ಮೇಲೆ ನಮ್ಮನೆ ಒಲೆ ಶೇಕಡಾ ಐವತ್ತು ಆರಿದ ಹಾಗೆ!”

“ಯಾಕಪ್ಪ, ಗ್ಯಾಸ್ ಮುಗೀತಾ?” ಎಂದರು ಅತ್ತೆ.

“ಮೊಳಕೆ ಅತ್ತೆ, ಮೊಳಕೆ! ಭಾನುವಾರ ನಾವು ಆರು ಜನಾನೂ ತಟ್ಟೆ ತುಂಬ ಮೊಳಕೆ ಕಾಳು ತಿಂತೀವಿ. ಹಸಿಯಾಗಿ!”

“ಹಸಿದು ತಿನ್ನೋದು ಗೊತ್ತು. ಹಸಿಯಾಗೇ ತಿನ್ನೋದಕ್ಕೆ ನಾನೇನು ಮೇಕೆನಾ? ನಾನಂತೂ ಒಂದು ಕಾಳು ಮುಟ್ಟಲ್ಲ.”

ಅವನ ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಕೂರುವವಳು. ನಲ್ಲಿಯಲ್ಲಿ ನೀರಿಲ್ಲವೆಂದು ದಿನವಿಡೀ ಕೂಗುವವರನ್ನು ನೋಡಿ ನೋಡಿ, ಅವಳಿಗೆ ಯಾರ ಕೂಗೂ ತಟ್ಟುತ್ತಿರಲಿಲ್ಲ. ಅವಳು ಶಾಂತವಾಗಿ ಕೇಳಿದಳು:

“ಅಕ್ಕ ಭಾವನ್ನ ಕರೆದಾಯ್ತು. ತಟ್ಟೆ ತುಂಬದಿದ್ರೆ?”

“ತುಂಬದಿದ್ರೆ ಒಂದು ತಿಂಗಳು ಈ ಊಟದ ವಿಷಯದಲ್ಲಿ ನಾನು ಬಾಯೇ ಬಿಡಲ್ಲ! ನೀವು ಹೇಳಿದ ಹಾಗೆ ಕೇಳ್ತೀನಿ!”

“ಬರೆದು ಕೊಡಿ” ಎಂದಳು ಹೆಂಡತಿ. ಅವನು ಬರೆದೂ ಕೊಟ್ಟ.

ಅವನಿಗೆ ಗೆಲ್ಲಲೇಬೇಕಿತ್ತು. ಮಾತ್ರೆಯ ಭಯ ಇದ್ದದ್ದು ನಿಜ, ಆದರೆ ಅದು ಎರಡನೆಯದು. ಷಡ್ಡಕ ಎದುರಿಗೇ ಕೂತಿರಬೇಕು, ಅತ್ತೆ ತನ್ನನ್ನು ಒಮ್ಮೆ, ಒಂದೇ ಒಂದು ಸಲ ಹೊಗಳಬೇಕು. ಹನ್ನೊಂದು ವರ್ಷದಿಂದ ಆ ಒಂದು ಮಾತಿಗೆ ಅವನು ಬಾಯಾರಿ ಕೂತಿದ್ದ.

ಅಡುಗೆಮನೆಯ ಪಕ್ಕದ ಉಗ್ರಾಣ ಪ್ರಯೋಗಾಲಯವಾಯಿತು. ಮನೆಯಲ್ಲಿದ್ದ ಎಂಟು ದೊಡ್ಡ ತಟ್ಟೆಗಳನ್ನೂ ಶೇಕಡಪ್ಪ ಮುಟ್ಟುಗೋಲು ಹಾಕಿಕೊಂಡ. ತಟ್ಟೆಗೆ ಐನೂರರಂತೆ ಒಟ್ಟು ನಾಲ್ಕು ಸಾವಿರ ಹೆಸರುಕಾಳು, ಒಂದಕ್ಕೊಂದು ತಾಗದ ಹಾಗೆ, ಪೆರೇಡಿಗೆ ನಿಂತ ಸಿಪಾಯಿಗಳ ಹಾಗೆ ಸಾಲು ಸಾಲು. ಪ್ರತಿ ತಟ್ಟೆಗೂ ಒಂದು ಚೀಟಿ, ಚೀಟಿಯಲ್ಲಿ ಮಾದರಿ ಸಂಖ್ಯೆ. ಗೋಡೆಗೆ ಉಷ್ಣಮಾಪಕ. ಜೊತೆಗೊಂದು ಹೊಸ ದಾಖಲೆ ಪುಸ್ತಕ. ಬಾಗಿಲಿಗೆ “ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ” ಎಂಬ ಫಲಕ. ಉಪ್ಪಿನ ಡಬ್ಬ ಒಳಗೇ ಉಳಿದುಹೋದ್ದರಿಂದ ಹೆಂಡತಿ ಉಪ್ಪಿಗೂ ಅಪ್ಪಣೆ ಕೇಳಬೇಕಾಯಿತು. ತಟ್ಟೆಯಿಲ್ಲದ ಸಂಸಾರ ಪಾತ್ರೆಗಳ ಮುಚ್ಚಳದಲ್ಲಿ ಉಂಡಿತು. ಒಂಬತ್ತು ವರ್ಷದ ಮಗಳಿಗೆ ಮಾತ್ರ ಇದು ಬಹಳ ಹಿಡಿಸಿ, ಅವಳು ಕುಕ್ಕರಿನ ಮುಚ್ಚಳವೇ ಬೇಕೆಂದು ಹಟ ಮಾಡುತ್ತಿದ್ದಳು.

ಮೂರನೇ ದಿನ ಬೆಳ್ಳನೆಯ ಮೊಳಕೆಗಳು ಒಟ್ಟಿಗೆ ಇಣುಕಿದವು. ಶೇಕಡಪ್ಪ ಮನೆಯವರನ್ನೆಲ್ಲ ಕೈ ತೊಳೆಸಿ ಕರೆದುಕೊಂಡು ಹೋಗಿ ತೋರಿಸಿದ.

“ತಿನ್ನೋ ಹದ ಬಂತಲ್ರೀ. ಇವತ್ತೇ ಒಂದಿಷ್ಟು ತಿನ್ನೋಣ” ಎಂದಳು ಹೆಂಡತಿ.

“ಇವತ್ತಾ! ಅಂತಿಮ ಎಣಿಕೆ ಏಳನೇ ದಿನ!” ಎಂದು ಅವನು ತಟ್ಟೆಗೆ ಅಡ್ಡ ನಿಂತ.

“ಇದನ್ನ ತಿನ್ನಬೇಕೋ, ಇದಕ್ಕೆ ಸರ್ಟಿಫಿಕೇಟ್ ಕೊಡಬೇಕೋ?” ಎಂದರು ಅತ್ತೆ.

“ಎರಡೂ!” ಎಂದ ಶೇಕಡಪ್ಪ. ಅವನ ಕಣ್ಣು ಹೊಳೆಯುತ್ತಿದ್ದವು.

ಐದನೇ ದಿನ ಕಚೇರಿಯಿಂದ ಫೋನು ಮಾಡಿ, ಹೇಗಿವೆ ಎಂದು ವಿಚಾರಿಸಿದ. “ಅಳ್ತಾ ಇಲ್ಲ, ಮಲಗಿದಾವೆ” ಎಂದು ಅತ್ತೆ ಫೋನಿಟ್ಟರು. ಆರನೇ ದಿನ ಚಿಗುರಿನ ತುದಿಯಲ್ಲಿ ಪುಟ್ಟ ಎಲೆಗಳು ಮೂಡಿ ಉಗ್ರಾಣವೇ ಹಸಿರಾಯಿತು. ನಿಜಕ್ಕೂ ಚೆಂದವಾಗಿತ್ತು. ಅತ್ತೆ ಕೂಡ ಯಾರೂ ಇಲ್ಲದಾಗ ಒಳಗೆ ಹೋಗಿ ನೋಡಿಬಂದರು.

ಭಾನುವಾರ ನಸುಕಿನ ಮೂರು ಗಂಟೆಗೇ ಶೇಕಡಪ್ಪನಿಗೆ ಎಚ್ಚರ. ಮನೆಯೆಲ್ಲ ಮಲಗಿತ್ತು. ಕನ್ನಡಕ ಏರಿಸಿ, ಚಿಮುಟ ಹಿಡಿದು ಸ್ಟೂಲಿನ ಮೇಲೆ ಕೂತವನು ಎಣಿಸಿದ, ಎಣಿಸಿದ, ಎಣಿಸುತ್ತಲೇ ಹೋದ. ಇಂಥ ಫಲಿತಾಂಶವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಬರೆಯಬೇಕಾದ್ದನ್ನೆಲ್ಲ ಬರೆದು, ಮಾಡಬೇಕಾದ್ದನ್ನೆಲ್ಲ ಮಾಡಿ, ಸಿಳ್ಳೆ ಹಾಕುತ್ತ ಸ್ನಾನಕ್ಕೆ ಹೋದ. ಬೀದಿಯಲ್ಲಿ ಎಂಟು ಗಂಟೆಯ ಕಸದ ಗಾಡಿ ಬಂದು ಹೋಯಿತು.

ಹನ್ನೊಂದಕ್ಕೆ ಷಡ್ಡಕ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಬಂದ. ಹಿಂದೆ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ.

“ಎಲ್ಲಪ್ಪ ನಿನ್ನ ಬೆಳೆ?”

ಶೇಕಡಪ್ಪ ಎಲ್ಲರನ್ನೂ ಉಗ್ರಾಣದ ಮುಂದೆ ಸಾಲಾಗಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಬಾಗಿಲು ತಳ್ಳಿ, “ನೋಡಿ!” ಎಂದ.

ಎಲ್ಲರೂ ನೋಡಿದರು. ನೋಡಲು ಉಪ್ಪಿನ ಡಬ್ಬವೊಂದಿತ್ತು. ಎಂಟು ತಟ್ಟೆಗಳೂ ಲಕಲಕ ತೊಳೆದು, ಒಂದರ ಮೇಲೊಂದು ಬೋರಲಾಗಿ ಕೂತಿದ್ದವು. ಕಾಳೆಂಬ ಕಾಳು ಒಂದೂ ಇರಲಿಲ್ಲ.

“ಕಳ್ಳತನ!” ಎಂದು ಶೇಕಡಪ್ಪ ಕಿರುಚಿದ.

“ಅದೃಶ್ಯ ಬೆಳೆ ಇರಬೇಕು” ಎಂದ ಷಡ್ಡಕ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಶೇಕಡಪ್ಪನ ಮೈಯೆಲ್ಲ ಬೆಂಕಿ. ಮಗಳನ್ನು ಕರೆದು, “ಶಾಲೆಗೆ ತಗೊಂಡ್ಹೋದ್ಯಾ?” ಎಂದು ಗದರಿದ. “ಇವತ್ತು ಭಾನುವಾರ ಅಪ್ಪಾ” ಎಂದಳು ಅವಳು. ಹಕ್ಕಿ ತಿಂದಿತೆನ್ನಲು ಕಿಟಕಿ ಮುಚ್ಚಿತ್ತು. ಇಲಿ ತಿಂದಿತೆನ್ನಲು, ಯಾವ ಇಲಿ ಉಂಡ ತಟ್ಟೆ ತೊಳೆದಿಡುತ್ತದೆ? ತೊಳೆದಿಡುವುದು! ಆ ಮಾತಿಗೆ ಅವನು ಅಲ್ಲೇ ನಿಂತ. ಬೆರಳು ಮೇಲೆತ್ತಿದ.

“ಏಳೂವರೆಗೆ ನಾನೇ ಕೈಯಾರೆ ಎಣಿಸಿದೀನಿ, ಎಲ್ಲಾ ಇದ್ವು! ಅಂದ್ರೆ ಕಳ್ಳತನ ಆಗಿದ್ದು ಆಮೇಲೆ. ಕದ್ದೋರು ತಟ್ಟೆ ತೊಳೆದು, ಒರೆಸಿ, ಬೋರಲು ಹಾಕಿದಾರೆ. ಹೊರಗಿನ ಕಳ್ಳ ತಟ್ಟೆ ತೊಳೀತಾನಾ? ಈ ಮನೇಲಿ ಎಂಜಲು ತಟ್ಟೆ ಒಂದು ಗಳಿಗೆ ಬಿದ್ದಿದ್ರೂ ಸಹಿಸದೋರು ಯಾರು? ಹಸಿ ಕಾಳು ಅಂದ್ರೆ ಮೂಗು ಮುರಿದೋರು ಯಾರು? ಶೇಕಡಾ ತೊಂಬತ್ತೊಂಬತ್ತು...”

ಅವನು ಹೆಸರು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ, ಐದು ಜನರ ಕಣ್ಣೂ ಅತ್ತೆಯ ಮೇಲಿದ್ದವು.

ಅತ್ತೆ, “ಎಪ್ಪತ್ತು ವರ್ಷಕ್ಕೆ ಇದೊಂದು ಹೆಸರು ಬಾಕಿ ಇತ್ತು. ಕಾಳು ಕಳ್ಳಿ” ಎಂದು ಒಳಗೆ ಹೋದರು. ಕಪಾಟಿನ ಬಾಗಿಲು ಧಡಾರೆಂದಿತು. ಹೊರಬರುವಾಗ ಕೈಯಲ್ಲಿ ಬಟ್ಟೆ ತುಂಬಿದ ದೊಡ್ಡ ಚೀಲ.

“ನಡಿಯಮ್ಮ. ನಾನಿನ್ನು ನಿಮ್ಮನೇಲೇ ಇರ್ತೀನಿ” ಎಂದರು ದೊಡ್ಡ ಮಗಳಿಗೆ.

ಷಡ್ಡಕನ ಬೆರಳಲ್ಲಿ ತಿರುಗುತ್ತಿದ್ದ ಕೀಲಿ ನಿಂತುಹೋಯಿತು. (‘ನಮ್ಮನೆಗೆ ಬಂದಿದ್ದುಬಿಡಿ ಅತ್ತೆ’ ಎಂದು ಅವನು ಹನ್ನೊಂದು ವರ್ಷದಿಂದ ಕರೆಯುತ್ತಿದ್ದದ್ದು ಅವರು ಬರುವುದಿಲ್ಲವೆಂಬ ಪೂರ್ಣ ಭರವಸೆಯ ಮೇಲೆ.) ಮಗಳು ಅಜ್ಜಿಯ ಸೆರಗು ಹಿಡಿದು ಅಳತೊಡಗಿದಳು.

ಹೆಂಡತಿ ಮಾತ್ರ ಕಚೇರಿಯ ದನಿಯಲ್ಲಿ ಹೇಳಿದಳು: “ಬಾಯಲ್ಲಿ ಹೇಳಿದ್ರೆ ಅದು ದೂರಲ್ಲ ರೀ. ದಾಖಲೆ ತನ್ನಿ.”

“ತರ್ತೀನಿ! ಭಾವನೂ ನೋಡ್ಲಿ!” ಎಂದು ಶೇಕಡಪ್ಪ ಒಳಗೆ ಓಡಿ ದಾಖಲೆ ಪುಸ್ತಕ ತಂದು, ಎದೆಯುಬ್ಬಿಸಿ ಓದಿದ:

“ಒಟ್ಟು ಕಾಳು ನಾಲ್ಕು ಸಾವಿರ. ಸಹಜ ಮೊಳಕೆ ಮೂರು ಸಾವಿರದ ಒಂಬೈನೂರ ಇಪ್ಪತ್ತು. ಶೇಕಡಾ ತೊಂಬತ್ತೆಂಟು! ತೇರ್ಗಡೆ! ಮಾದರಿಯ ವಿಲೇವಾರಿ...”

ಅಲ್ಲಿಗೆ ದನಿ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ತೇರ್ಗಡೆಯ ಕೆಳಗೆ, ಅವನದೇ ಮುದ್ದಾದ ಅಕ್ಷರದಲ್ಲಿ, ಇನ್ನೊಂದು ಸಾಲು: ‘ಎಣಿಕೆಯ ನಂತರ ನಿಯಮದಂತೆ ನಾಶಪಡಿಸಲಾಗಿದೆ. ಸಮಯ 7.35.’ ಅದರ ಕೆಳಗೆ ಅವನದೇ ಸಹಿ. ಸಹಿಯ ಕೆಳಗೆ ಎರಡು ಗೆರೆ.

ಆಗ ಕಾಲಿಗೆ ನೆನಪಾಯಿತು, ಕಸದ ಡಬ್ಬದ ಮುಚ್ಚಳ ತೆರೆಯಲು ಮೆಟ್ಟಿದ್ದು. ಆಮೇಲೆ ಕೈಗೆ ನೆನಪಾಯಿತು, ಎಂಟು ತಟ್ಟೆಯನ್ನೂ ಸುರಿದದ್ದು, ತೊಳೆದದ್ದು, ಬೋರಲು ಹಾಕಿದ್ದು. ತಲೆಗೆ ಮಾತ್ರ ಈಗ ಗೊತ್ತಾಗುತ್ತಿತ್ತು. ಹದಿನಾರು ವರ್ಷದ ಅಭ್ಯಾಸ ಅವನನ್ನು ಕೇಳಿ ಮಾಡುತ್ತದೆಯೇ?

ಯಾರೂ ಇನ್ನೂ ನೋಡಿರಲಿಲ್ಲ. ಪುಸ್ತಕ ಮುಚ್ಚಿದರೆ ಮುಗಿಯಿತು, ಹಾಳೆ ಹರಿದು ನುಂಗಿದರೆ ಇನ್ನೂ ಮುಗಿಯಿತು (ಅದೂ ಹಸಿ ಆಹಾರವೇ). ಷಡ್ಡಕನ ಎದುರು ಮಾನ ಉಳಿಯುತ್ತಿತ್ತು. ಅಷ್ಟೇ ಅಲ್ಲ, ಹನ್ನೊಂದು ವರ್ಷದಿಂದ ಮನಸ್ಸಿನ ಮೂಲೆಯಲ್ಲಿ ಅಡಗಿದ್ದ ಆಸೆಯೊಂದು ಚೀಲ ಹಿಡಿದು ಬಾಗಿಲಲ್ಲೇ ನಿಂತಿತ್ತು. ಶೇಕಡಪ್ಪ ಒಮ್ಮೆ ಬಾಗಿಲ ಕಡೆ ನೋಡಿದ. ಅತ್ತೆ ಅಳುತ್ತಿರಲಿಲ್ಲ, ಆದರೆ ಅವರ ಗಲ್ಲ ನಡುಗುತ್ತಿತ್ತು. ಅದನ್ನು ಅವನು ಎಂದೂ ಕಂಡಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

“ಎಣಿಕೆಯ ನಂತರ...” ಎಂದು ಸಣ್ಣ ದನಿಯಲ್ಲಿ ಓದಿದ.

“ಗಟ್ಟಿಯಾಗಿ” ಎಂದಳು ಹೆಂಡತಿ.

ಅವನು ಗಟ್ಟಿಯಾಗಿಯೇ ಓದಿದ, ಸಮಯ ಸಮೇತ. ಓದಿ, “ಅತ್ತೆ, ಕಳ್ಳ ನಾನೇ. ತಪ್ಪಾಯ್ತು” ಎಂದ.

ಮೊದಲು ನಕ್ಕದ್ದು ಅತ್ತೆ. ಅದು ನಗು ಎಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಚೀಲವನ್ನು ನೆಲಕ್ಕೆ ಬಿಟ್ಟು, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಉಳಿದವರಿಗೆ ತಡೆಯಲಾಗಲಿಲ್ಲ. ಷಡ್ಡಕನಂತೂ ಸೋಫಾದ ಮೇಲೆ ಉರುಳಾಡಿದ.

“ನಾನೆಲ್ಲೂ ಬರಲ್ಲಮ್ಮ” ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತ ದೊಡ್ಡ ಮಗಳಿಗೆ ಹೇಳಿದರು. “ನಿಮ್ಮ ದೊಡ್ಡ ಮನೇಲಿ ನನಗೆ ಹೊತ್ತು ಹೋಗಲ್ಲ. ಇಲ್ಲಿ ನೋಡು, ಕದ್ದೋನೂ ಇವನೇ, ದೂರು ಕೊಟ್ಟೋನೂ ಇವನೇ, ಸಿಕ್ಕಿಹಾಕ್ಕೊಂಡು ಒಪ್ಕೊಂಡೋನೂ ಇವನೇ. ಇಂಥ ಅಳಿಯ ಯಾರಿಗೆ ಸಿಗ್ತಾನೆ?”

ಅವನು ಕಾದದ್ದು ಈ ಥರದ ಹೊಗಳಿಕೆಗಲ್ಲ. ಆದರೂ ಷಡ್ಡಕನ ಎದುರಿಗೇ ಬಂದದ್ದು. ಶೇಕಡಪ್ಪ ಅದನ್ನು ಹಾಗೇ ಒಳಗೆ ಹಾಕಿಕೊಂಡ.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಗೆ ಹೋಗಿದ್ದಳು. ಹಿಂದಿನ ದಿನ ಸಂತೆಯಿಂದ ತಂದ ಬುಟ್ಟಿಯನ್ನೇ ಕೆಳಗಿಳಿಸಿ, ಹತ್ತೇ ನಿಮಿಷದಲ್ಲಿ ಎಳೆ ಮೂಲಂಗಿ, ಸೌತೆಕಾಯಿ, ಕ್ಯಾರೆಟ್, ಎಲೆಕೋಸಿನ ಎಲೆ, ಟೊಮೇಟೊ, ನೆನೆದ ಕಡಲೆಕಾಯಿ ಬೀಜ ಎಲ್ಲ ಹೆಚ್ಚಿ, ನಿಂಬೆ ಹಿಂಡಿ, ಆ ತೊಳೆದ ತಟ್ಟೆಗಳಲ್ಲೇ ತುಂಬಿ ತಂದಿಟ್ಟಳು. ಅದಕ್ಕೆ ಮಾದರಿ ಸಂಖ್ಯೆಯೂ ಇರಲಿಲ್ಲ, ಉಷ್ಣಮಾಪಕವೂ ಬೇಕಾಗಿರಲಿಲ್ಲ. ಅತ್ತೆ ಒಂದು ಹೋಳು ಮೂಲಂಗಿ ಬಾಯಿಗಿಟ್ಟು ಕಟಂ ಎಂದು ಕಡಿದು, ಇನ್ನೊಂದಕ್ಕೆ ಕೈ ಚಾಚಿದರು. ಷಡ್ಡಕ ಮೂರು ಸಲ ಹಾಕಿಸಿಕೊಂಡ.

ಅತ್ತಿಗೆ ಮಾತ್ರ ತಿನ್ನುತ್ತಲೇ ದಾಖಲೆ ಪುಸ್ತಕ ಓದುತ್ತಿದ್ದಳು.

“ಇಷ್ಟು ಮೊಳಕೆಗೆ ಎಷ್ಟು ಕಾಳು ಹಾಕಿದ್ದೆ?”

“ಮೂರು ಹಿಡಿ.”

“ಮೂರು ಹಿಡಿ!” ಅವಳು ಗಂಡನ ಕಡೆ ತಿರುಗಿದಳು. “ಮೂರು ಹಿಡಿ ಕಾಳಿಗೆ ಆಗೋದಕ್ಕೆ ನೀವು ಹಣ್ಣಿಗೆ ಸ್ವೆಟರ್ ಹಾಕಿಸಿ ವಿಮಾನದಲ್ಲಿ ಕರೆಸ್ತಿದ್ರಾ?” ಷಡ್ಡಕ ಎಲೆಕೋಸಿನಲ್ಲಿ ಮುಖ ಮರೆಸಿಕೊಂಡ. “ನೋಡಪ್ಪ, ನೀನು ಒಂದು ವಾರ ನಮ್ಮನೇಲಿ ಇದ್ದು ಇದನ್ನೆಲ್ಲ ಮಾಡಿಕೊಟ್ಟು ಹೋಗು. ನಿನ್ನ ಆಫೀಸೂ ನಮಗೇ ಹತ್ತಿರ. ಇವತ್ತೇ ಹೊರಡು.”

ಒಂದು ವಾರ! ಷಡ್ಡಕನ ಸೂರಿನಡಿ! ಶೇಕಡಪ್ಪ ದಡಬಡಿಸಿ ಬಾಯಿ ತೆರೆದ.

“ರೀ,” ಎಂದು ಹೆಂಡತಿ ಸೊಂಟದಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. “ಊಟದ ವಿಷಯ. ಒಂದು ತಿಂಗಳು. ಬರೆದು ಕೊಟ್ಟಿದೀರಿ.”

ಅವನು ತೆರೆದ ಬಾಯಿಗೆ ಒಂದು ಕ್ಯಾರೆಟ್ ಹಾಕಿಕೊಂಡು ಮುಚ್ಚಿದ.

ಅತ್ತೆಯ ಚೀಲದಿಂದ ಅತ್ತೆಯ ಬಟ್ಟೆ ಹೊರಬಂದವು, ಅಳಿಯನ ಬಟ್ಟೆ ಒಳಹೋದವು. ಮಗಳು ಮಹಡಿಯ ಕಿಟಕಿಯಲ್ಲಿ ಅಜ್ಜಿಯ ಪಕ್ಕ ನಿಂತು ಸಡಗರದಿಂದ ಕೈ ಬೀಸಿದಳು. ಕಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಎಂಟು ತಟ್ಟೆಗಳನ್ನೂ ಉಷ್ಣಮಾಪಕವನ್ನೂ ಅಪ್ಪಿಕೊಂಡು ಶೇಕಡಪ್ಪ ಕೂತ. ಕಾರು ಇನ್ನೇನು ಹೊರಡಬೇಕು, ಅತ್ತೆ ಆ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಬೀದಿಗೆಲ್ಲ ಕೇಳುವಂತೆ ಕೂಗಿದರು:

“ಏನಮ್ಮಾ! ಏಳನೇ ದಿನ ಬೆಳಿಗ್ಗೆ ಇವನ ಎರಡೂ ಕೈ ಕಟ್ಟಿಹಾಕು!”